ಐಸ್ ಕ್ರೀಮ್ ಗಾಡಿಯಲ್ಲಿ ನಲವತ್ತು ಕುರಿ

ಸರಕಾರಕ್ಕೆ ಒಂದು ಲಾರಿ ಕಡಿಮೆ ಬಿದ್ದದ್ದೇ ಡೆಸ್ಮಂಡ್ ಟಪ್‌ನ ಆ ದಿನದ ಕಷ್ಟಗಳಿಗೆಲ್ಲ ಮೂಲ.

ಆ ಅಕ್ಟೋಬರಿನಲ್ಲಿ ಲಂಡನ್ನಿನ ದೊಡ್ಡವರಿಗೆ ನಿದ್ದೆ ಇರಲಿಲ್ಲ. ಯುರೋಪಿನ ಒಕ್ಕೂಟದಿಂದ ಹೊರಗೆ ಬರುತ್ತೇವೆ, ಬರುತ್ತೇವೆ ಎಂದು ಮೂರು ವರ್ಷ ಕೂಗಿದವರಿಗೆ, ಹಾಗೆ ಬಂದ ಮರುದಿನ ಬೆಳಿಗ್ಗೆ ಬಂದರಿನ ಗೇಟಿನಲ್ಲಿ ಯಾರು ನಿಲ್ಲಬೇಕು, ಲಾರಿಯವನ ಹತ್ತಿರ ಯಾವ ಕಾಗದ ಕೇಳಬೇಕು ಎನ್ನುವುದು ಆಗಷ್ಟೇ ನೆನಪಾಗಿತ್ತು. ತಾಲೀಮು ಮಾಡಿ ನೋಡಿ ಎಂದು ಅಪ್ಪಣೆ ಹೊರಟಿತು. ದೊಡ್ಡ ಬಂದರುಗಳಿಗೆ ನಿಜವಾದ ಲಾರಿಗಳೂ ನಿಜವಾದ ಅಧಿಕಾರಿಗಳೂ ಹೋದರು. ನಮ್ಮ ಮಾರ್ಲ್‌ಹೇವನ್ನಿಗೆ ಬಂದದ್ದು ಪಿಯರ್ಸ್ ಎಂಬ ಒಬ್ಬ ಎಳೆಯ ಅಧಿಕಾರಿ, ಅವನ ಮೈಮೇಲಿನ ಹಳದಿ ಕೋಟು, ಮತ್ತು ಒಂದು ಸುರುಳಿ ಹಗ್ಗ.

ಉಳಿದ ಪಾತ್ರಗಳನ್ನು ಊರಿನವರೇ ಹಂಚಿಕೊಂಡೆವು. ಪ್ರತಿವರ್ಷ ಕ್ರಿಸ್‌ಮಸ್ ನಾಟಕ ಆಡಿ ಅಭ್ಯಾಸವಿದ್ದ ಜನ, ಯಾರೂ ಹಿಂಜರಿಯಲಿಲ್ಲ. ಶಾಲೆಯ ಹಳೆಯ ಹೆಡ್ ಮಿಸ್ಟ್ರೆಸ್ ಮಿಸ್ ಥ್ರಸೆಲ್ ಸುಂಕದ ಅಧಿಕಾರಿಯಾದರು. ಮಾರ್ಜರಿ ಎಂಬವಳಿಗೆ ಪಶುವೈದ್ಯೆಯ ಪಾತ್ರ. ಅವಳ ಮನೆಯಲ್ಲಿ ನಾಯಿ ಇದೆ ಎನ್ನುವುದೇ ಅರ್ಹತೆ. ಬ್ರೆಡ್ಡಿನ ವ್ಯಾನು, ಲೈಬ್ರರಿ ಬಸ್ಸು, ಅಂತ್ಯಕ್ರಿಯೆ ಮಾಡಿಸುವ ಮಾರ್ಟ್‌ಲಾಕ್‌ನ ಉದ್ದನೆಯ ಕಪ್ಪು ಕಾರು, ಎಲ್ಲವೂ ಆ ದಿನದ ಮಟ್ಟಿಗೆ ಲಾರಿಗಳು. ಆದರೂ ಕುರಿ ಸಾಗಿಸುವ ಲಾರಿ ಒಂದು ಬೇಕಿತ್ತು.

ಪಿಯರ್ಸ್ ಬಂದು ಬಾಗಿಲು ತಟ್ಟಿದಾಗ ಡೆಸ್ ತನ್ನ ನೀಲಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ. ಅರವತ್ತು ದಾಟಿದ, ದುಂಡು ಮುಖದ, ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ. ಬೇಸಿಗೆಯಲ್ಲಿ ಸಮುದ್ರದ ದಂಡೆಯಲ್ಲಿ ಐಸ್ ಕ್ರೀಮ್ ಮಾರುತ್ತಾನೆ, ಚಳಿಗಾಲದಲ್ಲೂ ಮಾರುತ್ತಾನೆ, ಯಾಕೆಂದರೆ ನಮ್ಮ ಜನ ಕೊಡೆ ಹಿಡಿದುಕೊಂಡೇ ಐಸ್ ಕ್ರೀಮ್ ತಿನ್ನುತ್ತಾರೆ. ಅವನ ದೋಷ ಒಂದೇ. ಆಗುವುದಿಲ್ಲ ಎನ್ನುವ ಮಾತು ಗಂಟಲಲ್ಲಿ ಹುಟ್ಟಿದರೂ ತುಟಿಗೆ ಬರುವಷ್ಟರಲ್ಲಿ ‘ತೊಂದರೆಯೇನಿಲ್ಲ’ ಆಗಿಬಿಡುತ್ತಿತ್ತು.

“ಬೆಳಿಗ್ಗೆ ಬೆಳಿಗ್ಗೆ ತೊಂದರೆ ಕೊಡ್ತಿದೀನಿ, ಕ್ಷಮಿಸಿ ಸರ್. ನಿಮ್ಮ ಗಾಡಿ ಸ್ವಲ್ಪ ಹೊತ್ತು ಲಾರಿ ಆಗಬಹುದಾ?” ಎಂದ ಪಿಯರ್ಸ್.

“ಇವತ್ತಾ? ಇವತ್ತು ನನಗೆ ನಾಲ್ಕು ಗಂಟೆಗೆ...”

“ಅಯ್ಯೋ, ಊಟದ ಹೊತ್ತಿಗೆ ಮುಗಿದುಹೋಗುತ್ತೆ ಸರ್. ಗೇಟಿಗೆ ಬರೋದು, ಕಾಗದ ತೋರಿಸೋದು, ಹೋಗೋದು. ಅಷ್ಟೇ. ನೀವು ಇಲ್ಲ ಅಂದ್ರೆ ದೇಶ ಕುರಿ ವಿಷಯದಲ್ಲಿ ತಯಾರಾಗದೆ ಉಳಿದುಬಿಡುತ್ತೆ.”

ಡೆಸ್ ಇಸ್ತ್ರಿಪೆಟ್ಟಿಗೆಯನ್ನು ನೋಡಿದ, ಗೋಡೆಯ ಗಡಿಯಾರವನ್ನು ನೋಡಿದ.

“ತೊಂದರೆಯೇನಿಲ್ಲ” ಎಂದ.

ತೊಂದರೆ ಇತ್ತು. ತೊಂದರೆಯ ಹೆಸರು ಗ್ಲೆನಿಸ್, ಅವನ ಹೆಂಡತಿ. ಮೂರು ವಾರದ ಹಿಂದೆ ಮನೆ ಬಿಟ್ಟು ಹೋಗಿದ್ದಳು.

ಆ ಜಗಳದ ಬೇರು ಹಳೆಯದು. ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಮತ ಹಾಕಿದ ದಿನ ಗ್ಲೆನಿಸ್ ‘ಇರೋಣ’ ಎಂದು ಗುರುತು ಹಾಕಿ ಬಂದಿದ್ದಳು. ರಾತ್ರಿ ಮನೆಗೆ ಬಂದ ಗಂಡನ ಮುಖ ನೋಡಿ, “ನೀನು ಆ ಪಬ್ಬಿನ ಗೆಳೆಯರ ಜೊತೆ ಸೇರಿ ‘ಬಿಡೋಣ’ ಅಂತ ಹಾಕಿದೆ ತಾನೇ?” ಎಂದು ಕೇಳಿದಳು. ಡೆಸ್ “ಹೂಂ” ಎಂದಿದ್ದ. ಆ ಒಂದು ಹೂಂ ಮೂರು ವರ್ಷ ಆ ಮನೆಯ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಕೂತಿತ್ತು. ಕೊನೆಗೆ ಮೂರು ವಾರದ ಹಿಂದೆ, ಅವಳು ಇಷ್ಟಪಟ್ಟು ತರಿಸಿದ್ದ ಫ್ರೆಂಚ್ ಸಾಸಿವೆಯ ಶೀಶೆ ನೋಡಿ ಡೆಸ್ ತಮಾಷೆಗೆಂದು, “ಇನ್ನು ಮೇಲೆ ಇದಕ್ಕೂ ಪಾಸ್‌ಪೋರ್ಟ್ ಬೇಕಾಗುತ್ತೆ ನೋಡು” ಎಂದ. ಗ್ಲೆನಿಸ್ ನಗಲಿಲ್ಲ. ಪೆಟ್ಟಿಗೆ ಕಟ್ಟಿ, ಸಾಸಿವೆಯನ್ನೂ ಅದರಲ್ಲಿ ಇಟ್ಟುಕೊಂಡು, ಕಡಲಾಚೆ ಫ್ರಾನ್ಸಿನ ದಿಯೆಪ್ಪಿನಲ್ಲಿದ್ದ ಬಾಲ್ಯದ ಗೆಳತಿಯ ಮನೆಗೆ ಹಡಗು ಹತ್ತಿಬಿಟ್ಟಳು.

ಮೊನ್ನೆ ಅವಳ ಫೋನು ಬಂದಿತ್ತು. “ಸೋಮವಾರ ನಾಲ್ಕರ ಹಡಗಿಗೆ ಬರ್ತೀನಿ. ನೀನು ಬಂದರಲ್ಲಿ ಇದ್ರೆ ಮನೆಗೆ ಬರ್ತೀನಿ. ಇಲ್ಲದಿದ್ರೆ ಐದರ ಬಸ್ಸು ಹಿಡಿದು ಹೇಸ್ಟಿಂಗ್ಸಿಗೆ, ಅಕ್ಕನ ಮನೆಗೆ. ಆಮೇಲೆ ನನ್ನ ಬಟ್ಟೆಯೆಲ್ಲ ಅಲ್ಲಿಗೇ ಕಳಿಸು.” ಡೆಸ್ ಬಾಯಿ ತೆರೆಯುವ ಮೊದಲೇ ಫೋನು ಇಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ಅದು ಸ್ವಿಚ್ ಆಫ್.

ಅದಕ್ಕೇ ನೀಲಿ ಶರ್ಟು, ಅದಕ್ಕೇ ಇಸ್ತ್ರಿ. ಗಾಡಿಯ ಫ್ರೀಜರಿನಲ್ಲಿ ರಮ್ಮು-ಒಣದ್ರಾಕ್ಷಿಯ ಹೊಸ ಡಬ್ಬ ತುಂಬಿಸಿಟ್ಟಿದ್ದೂ ಅದಕ್ಕೇ. ಗ್ಲೆನಿಸ್ ಬೇರೆ ಐಸ್ ಕ್ರೀಮ್ ಮುಟ್ಟುತ್ತಿರಲಿಲ್ಲ.

ಗೇಟಿನ ಹತ್ತಿರ ಮಿಸ್ ಥ್ರಸೆಲ್ ಮಡಿಸುವ ಮೇಜು ಹಾಕಿಕೊಂಡು, ಕಾಲಿಗೆ ಕಂಬಳಿ ಹೊದ್ದು, ಕನ್ನಡಕದ ಮೇಲಿಂದ ಲೋಕವನ್ನು ನೋಡುತ್ತ ಕೂತಿದ್ದರು. ಎಂಬತ್ತು ದಾಟಿತ್ತು, ಕಣ್ಣು ಮಾತ್ರ ಹಾಗೇ ಇತ್ತು. ಮೂರನೇ ಕ್ಲಾಸಿನಲ್ಲಿ ಡೆಸ್‌ಗೆ ಮಗ್ಗಿ ಹೇಳಿಕೊಟ್ಟವರು. ಅವರನ್ನು ಕಂಡರೆ ಅವನ ಕೈ ಇವತ್ತಿಗೂ ತಾನಾಗಿ ಜೇಬಿನಿಂದ ಹೊರಗೆ ಬರುತ್ತದೆ.

“ಟಪ್. ಏನು ಸಾಗಿಸ್ತಾ ಇದೀಯ?”

ಡೆಸ್ ಪಿಯರ್ಸ್ ಕೊಟ್ಟಿದ್ದ ಚೀಟಿ ಓದಿದ. “ನಲವತ್ತು ಕುರಿ, ಮಿಸ್. ಫ್ರಾನ್ಸಿಗೆ.”

“ಜೀವಂತವಾಗಿ?”

“ಹಾಗೇ ಇರ್ಬೇಕು, ಮಿಸ್.”

“ಇರ್ಬೇಕು ಅನ್ನೋದು ಉತ್ತರ ಅಲ್ಲ. ಆರೋಗ್ಯಪತ್ರ ಎಲ್ಲಿ?”

ಚೀಟಿಯ ಹಿಂದೆ ಮುಂದೆ ಎಲ್ಲ ನೋಡಿದರೂ ಆರೋಗ್ಯಪತ್ರ ಇರಲಿಲ್ಲ. ಪಿಯರ್ಸ್ ಓಡಿ ಬಂದು ಕಿವಿಯಲ್ಲಿ ಹೇಳಿದ: “ಅದೇ ಸರ್ ತಾಲೀಮು. ಕಾಗದ ಇಲ್ಲದೆ ಬಂದ ಲಾರಿಯನ್ನ ಏನು ಮಾಡ್ಬೇಕು ಅಂತ ನೋಡ್ಬೇಕಿತ್ತು. ನೀವು ತುಂಬಾ ಚೆನ್ನಾಗಿ ಮಾಡ್ತಿದೀರಿ.”

“ಹಾಗಾದ್ರೆ ನನ್ನ ಕೆಲಸ ಮುಗೀತಾ?”

“ಮುಗೀತು ಸರ್. ಒಂದು ಆರೋಗ್ಯಪತ್ರ ಮಾಡಿಸಿಕೊಂಡು ಬಂದ್ಬಿಡಿ.”

ಪಶುವೈದ್ಯೆ ಮಾರ್ಜರಿಯ ಕಚೇರಿ ಎಂದರೆ ಮೀನುಪೆಟ್ಟಿಗೆಗಳ ಹಿಂದೆ ಹಾಕಿದ್ದ ಒಂದು ಕುರ್ಚಿ. ಕುರ್ಚಿ ಖಾಲಿ. ‘ಟೀಗೆ ಹೋಗಿದ್ದೇನೆ’ ಎಂಬ ಚೀಟಿ ಅಂಟಿಸಿತ್ತು. ಅವಳು ಟೀ ಮುಗಿಸಿ ಬಂದಳು. ಬಂದಾಗ ಬ್ರೆಡ್ಡಿನ ವ್ಯಾನಿನವನ ಕಾಲ್ಪನಿಕ ಹಂದಿಮಾಂಸ ಪರೀಕ್ಷೆಯಾಗಬೇಕಿತ್ತು. ಅದಾದ ಮೇಲೆ ಊಟ. ಊಟವಾದ ಮೇಲೆ ನಾಯಿಯನ್ನು ಸುತ್ತಾಡಿಸುವುದು. ಡೆಸ್ ಗಾಡಿಯಲ್ಲಿ ಕೂತು ಉಗುರು ಕಚ್ಚಿದ. ಮಾರ್ಜರಿ ಅವನ ಹತ್ತಿರ ಬರುವಾಗ ಮೂರು ಗಂಟೆ ಆಗಿಹೋಗಿತ್ತು.

ಅವಳು ಡೆಸ್‌ನ ಪಕ್ಕದ ಮನೆಯವಳು. ಆ ಮದುವೆಯಲ್ಲಿ ಗಂಡ ಹೆಂಡಿರಿಗೆ ಗೊತ್ತಿಲ್ಲದ್ದೂ ಅವಳಿಗೆ ಗೊತ್ತು.

“ಗ್ಲೆನಿಸ್ ಬರ್ತಾಳಂತಲ್ಲ ಇವತ್ತು?”

“ಅದಕ್ಕೇ ಮಾರ್ಜರಿ, ಬೇಗ ಒಂದು ಸಹಿ ಹಾಕಿಬಿಡು.”

“ನೀನು ಹೋಗ್ದೇ ಇದ್ರೆ ಅವಳು ಹೇಸ್ಟಿಂಗ್ಸಿಗೆ ಹೋಗಿಬಿಡ್ತಾಳೆ, ಗೊತ್ತಾ?”

“ಗೊತ್ತು. ಅದಕ್ಕೇ ಸಹಿ...”

“ಹೆಂಡತಿ ಬಗ್ಗೆ ಸ್ವಲ್ಪನಾದ್ರೂ ಕಾಳಜಿ ಇದ್ದಿದ್ರೆ ಇವತ್ತಿನ ದಿನ ಹೀಗೆ ಕುರಿ ಹಿಂದೆ ಓಡಾಡ್ತಿದ್ಯಾ?” ಎನ್ನುತ್ತ ಮಾರ್ಜರಿ ಗಾಡಿಯ ಹಿಂಬಾಗಿಲು ತೆಗೆದು ಒಳಗೆ ಇಣುಕಿದಳು. ಕೋನುಗಳ ಪೆಟ್ಟಿಗೆ, ಫ್ರೀಜರು, ಚಾಕೊಲೇಟಿನ ಡಬ್ಬ. ಅವಳು ತುಂಬಾ ಹೊತ್ತು ನೋಡಿದಳು. ಕ್ರಿಸ್‌ಮಸ್ ನಾಟಕದಲ್ಲಿ ಪ್ರತಿವರ್ಷ ಅವಳಿಗೆ ಇಬ್ಬರು ಸೇರಿ ಆಗುವ ಕತ್ತೆಯ ಹಿಂಭಾಗದ ಪಾತ್ರವೇ ಸಿಗುತ್ತಿದ್ದದ್ದು. ಮಾತಿರುವ ಪಾತ್ರ ಸಿಕ್ಕಿದ್ದು ಇದೇ ಮೊದಲು.

“ಆ ಮೂಲೇಲಿ ಇರೋದು ಕೆಮ್ತಾ ಇದೆ” ಎಂದಳು.

“ಮಾರ್ಜರಿ, ಮೂಲೇಲಿ ಏನೂ ಇಲ್ಲ. ಕುರಿಯೇ ಇಲ್ಲ.”

“ಕುರಿ ಇಲ್ವಾ?” ಅವಳ ಕಣ್ಣು ಅಗಲವಾಯಿತು. “ಕಾಗದದಲ್ಲಿ ನಲವತ್ತು ಇದೆ, ಗಾಡೀಲಿ ಒಂದೂ ಇಲ್ಲ! ಮಿಸ್ ಥ್ರಸೆಲ್! ಇಲ್ಲಿ ಕುರಿ ನಾಪತ್ತೆ!”

“ಇದಾವೆ, ಇದಾವೆ! ನಲವತ್ತೂ ಇದಾವೆ!” ಡೆಸ್ ಅವಳ ಬಾಯಿ ಮುಚ್ಚಿಸುವುದೊಂದು ಬಾಕಿ. “ಕೆಮ್ಮು ನಿಂತಿದೆ, ಕೇಳು. ಈಗ ಇಲ್ಲ ನೋಡು.”

ಮಾರ್ಜರಿ ಕಿವಿಗೊಟ್ಟು ಕೇಳಿದಳು. ಫ್ರೀಜರು ಗುರ್ರೆಂದಿತು.

“ಪಾಪ, ಇನ್ನೂ ಎದೆ ಕಟ್ಟಿದೆ. ಒಂದು ಐದು ನಿಮಿಷ ನೋಡೋಣ” ಎಂದು ಕುರ್ಚಿಯ ಮೇಲೆ ಕೂತಳು. ಅವಳ ಐದು ನಿಮಿಷಗಳು ಉದ್ದನೆಯವು. ಒಂದು ದೊಡ್ಡ ಚಾಕೊಲೇಟು ಕೋನ್ ಕೊಟ್ಟ ಮೇಲೆ ಕುರಿಯ ಎದೆ ಸಡಿಲವಾಯಿತು, ಸಹಿ ಬಿತ್ತು.

ಡೆಸ್ ಗಾಡಿಯನ್ನು ಗೇಟಿನ ಕಡೆಗೆ ತಿರುಗಿಸಿದ. ನಾಲ್ಕಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಗೇಟು ದಾಟಿ ಬಲಕ್ಕೆ ಹೊರಳಿದರೆ ಪ್ರಯಾಣಿಕರು ಇಳಿಯುವ ಜಾಗ. ಎದೆ ಹಗುರಾಯಿತು. ಅಷ್ಟರಲ್ಲಿ ಪಕ್ಕದ ದಾರಿಯಿಂದ ಮಾರ್ಟ್‌ಲಾಕ್‌ನ ಉದ್ದನೆಯ ಕಪ್ಪು ಕಾರು ಮೆಲ್ಲಗೆ ಹೊರಬಂದು ಅವನ ಮುಂದೆ ಸೇರಿಕೊಂಡಿತು.

ಮಾರ್ಟ್‌ಲಾಕ್ ಆ ಕಾರನ್ನು ಜೀವಮಾನದಲ್ಲಿ ನಡಿಗೆಯ ವೇಗ ಮೀರಿ ಓಡಿಸಿದವನಲ್ಲ. ಈ ಹೊತ್ತು ಅದರೊಳಗೆ ಕಾಲ್ಪನಿಕ ಮೀನು ಇದ್ದರೂ ಅವನು ಅದೇ ಕಪ್ಪು ಟೋಪಿ ಹಾಕಿ, ಅದೇ ಗಂಭೀರ ಮುಖ ಮಾಡಿ, ಅದೇ ವೇಗದಲ್ಲಿ ಹೊರಟ. ದಾರಿ ಎರಡು ಗಾಡಿ ಹೋಗುವಷ್ಟು ಅಗಲವಿತ್ತು. ಆದರೆ ಹೆಣದ ಕಾರನ್ನು ಹಿಂದೆ ಹಾಕಿ ಹೋಗುವ ಗಂಡಸು ಮಾರ್ಲ್‌ಹೇವನ್ನಿನಲ್ಲಿ ಇನ್ನೂ ಹುಟ್ಟಿಲ್ಲ. ಫುಟ್‌ಪಾತಿನ ಮೇಲಿದ್ದವರು ನಿಂತು ಟೋಪಿ ತೆಗೆದರು. ಡೆಸ್ ಕೂಡ ಟೋಪಿ ತೆಗೆದು ಪಕ್ಕಕ್ಕಿಟ್ಟು, ಹಲ್ಲು ಕಚ್ಚಿಕೊಂಡು, ಹಿಂದೆ ಹಿಂದೆ ತೆವಳಿದ.

ಗೇಟಿನಲ್ಲಿ ಕಾರು ನಿಂತೇ ಹೋಯಿತು.

“ಮೀನು ಯಾವ ನೀರಲ್ಲಿ ಹಿಡಿದಿದ್ದು ಅಂತ ಪತ್ರ ಬೇಕು” ಎಂದರು ಮಿಸ್ ಥ್ರಸೆಲ್.

“ಮೇಡಂ,” ಎಂದ ಮಾರ್ಟ್‌ಲಾಕ್ ಟೋಪಿಯನ್ನು ಎದೆಗೆ ಒತ್ತಿಕೊಂಡು, “ಮೂವತ್ತು ವರ್ಷದಿಂದ ಈ ಗಾಡೀಲಿ ಯಾರೂ ಕಾಗದ ಇಲ್ಲದೆ ಹೋದವರಲ್ಲ. ನನ್ನ ಮಾತು ಸಾಲದಾ?”

“ಸಾಲದು.”

“ಹಾಗಾದ್ರೆ ನಾನಿಲ್ಲೇ ಇರ್ತೀನಿ. ನನ್ನ ಗಿರಾಕಿಗಳಿಗೆ ಅವಸರ ಇರೋದಿಲ್ಲ.”

ಅವನು ಎಂಜಿನ್ ಆರಿಸಿದ. ಡೆಸ್‌ನ ಹಿಂದೆ ಲೈಬ್ರರಿ ಬಸ್ಸು ಬಂದು ನಿಂತಿತು. ಹಿಂದೆ ಹೋಗುವ ಹಾಗಿಲ್ಲ, ಮುಂದೆ ಹೋಗುವ ಹಾಗಿಲ್ಲ. ಎಡಕ್ಕೆ ಗೋಡೆ, ಬಲಕ್ಕೆ ಬಂದರಿನ ತಂತಿಬೇಲಿ. ಬೇಲಿಯಾಚೆ ಬೂದು ಕಡಲು, ಅದರ ಮೇಲೆ ಬಿಳಿ ಹಡಗು ನಿಧಾನ ದೊಡ್ಡದಾಗುತ್ತ ಬರುತ್ತಿತ್ತು. ಹಡಗು ಭೋಂ ಎಂದಿತು.

ಡೆಸ್ ಇಳಿದು ನಡೆಯತೊಡಗಿದ. ನಡೆದೇ ಹೋದರೆ ಎಷ್ಟು ದೂರ, ಆ ಮೂಲೆಯಾಚೆ ತಾನೇ.

“ಟಪ್.”

ಕಾಲು ನಿಂತಿತು.

“ಜೀವಂತ ಪ್ರಾಣಿಗಳನ್ನ ಬಿಟ್ಟು ಚಾಲಕ ಎಲ್ಲಿಗೆ ಹೋಗ್ತಿದಾನೆ?”

“ಮಿಸ್, ನನ್ನ ಹೆಂಡತಿ ಬರ್ತಿದಾಳೆ. ಹಡಗಲ್ಲಿ. ನಾನು ಹೋಗ್ದಿದ್ರೆ...” ಅರವತ್ತು ದಾಟಿದವನು ಮೂರನೇ ಕ್ಲಾಸಿನ ಮೇಡಮ್ಮಿನ ಎದುರು ಸಂಸಾರದ ಗುಟ್ಟು ಹೇಳುವುದು ಹೇಗೆ? “ಅವಳು ಹೊರಟುಹೋಗ್ತಾಳೆ, ಮಿಸ್.”

ಮಿಸ್ ಥ್ರಸೆಲ್ ಕನ್ನಡಕ ತೆಗೆದರು. ಒಂದು ಗಳಿಗೆ ಅವರ ಮುಖ ಮೃದುವಾಯಿತು. ಕೈಯಲ್ಲಿದ್ದ ನಿಯಮಪುಸ್ತಕದಲ್ಲಿ ಹುಡುಕಿ ನೋಡಿದರು ಕೂಡ. “ಹೆಂಡತಿಯ ಬಗ್ಗೆ ಇದರಲ್ಲಿ ಏನೂ ಇಲ್ಲವಲ್ಲ ಕಂದ” ಎಂದು ನಿಜವಾಗಿ ನೊಂದುಕೊಂಡು ಹೇಳಿದರು. “ಹೋಗಿ ಕೂತ್ಕೋ.”

ಡೆಸ್ ಹೋಗಿ ಕೂತ. ಫೋನು ಮಾಡಿದ, ಸ್ವಿಚ್ ಆಫ್. ಮತ್ತೆ ಮಾಡಿದ, ಸ್ವಿಚ್ ಆಫ್. ಆಗ ಅವನ ಕೈ ಸ್ಟಿಯರಿಂಗಿನ ಪಕ್ಕದ ಕೆಂಪು ಗುಂಡಿಗೆ ತಾಗಿತು.

ಅದು ಗಾಡಿಯ ಸಂಗೀತದ ಗುಂಡಿ. ಒತ್ತಿದರೆ ಮಾಡಿನ ಮೇಲಿನ ಸ್ಪೀಕರು ಟಿಣ್ ಟಿಣ್ ಎಂದು ಒಂದು ಹಳೆಯ ರಾಗ ನುಡಿಸುತ್ತದೆ. ಬಹಳ ವರ್ಷದ ಹಿಂದೆ ಯಾವುದೋ ಮಳೆಯಲ್ಲಿ ನೆಂದು ಅದರ ಕೊನೆಯ ಸ್ವರ ಕೆಟ್ಟುಹೋಗಿತ್ತು. ಇನ್ನೇನು ಮುಗಿಯಿತು ಎನ್ನುವಾಗ ರಾಗ ಅಲ್ಲಿಗೇ ನಿಂತುಬಿಡುತ್ತಿತ್ತು. ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರೂ, ಬಟ್ಟೆ ಒಣಹಾಕುತ್ತಿದ್ದರೂ, ದೂರದಲ್ಲಿ ಗಾಡಿ ನುಡಿದರೆ ಗ್ಲೆನಿಸ್ ತನಗೇ ಗೊತ್ತಿಲ್ಲದೆ ಆ ಉಳಿದ ಸ್ವರವನ್ನು ಗುನುಗಿ ರಾಗ ಮುಗಿಸುತ್ತಿದ್ದಳು. ರಿಪೇರಿ ಮಾಡಿಸೋಣವೆಂದು ಡೆಸ್ ಎಷ್ಟೋ ಸಲ ಅಂದುಕೊಂಡಿದ್ದ, ಮನಸ್ಸು ಬಂದಿರಲಿಲ್ಲ.

ಹಡಗಿನಿಂದ ಇಳಿಯುವವಳಿಗೆ ಇದು ಕೇಳಿಸಲೇಬೇಕು. ಕೇಳಿಸಿದರೆ ಗಂಡ ಇಲ್ಲೇ ಎಲ್ಲೋ ಇದ್ದಾನೆಂದು ತಿಳಿಯಲೇಬೇಕು. ಡೆಸ್ ಗುಂಡಿ ಒತ್ತಿದ. ರಾಗ ಬಂದರಿನ ಮೇಲೆಲ್ಲ ಹರಡಿತು.

ಆದರೆ ಅದು ಶಾಲೆಗೆ ರಜೆ ಇದ್ದ ವಾರ. ರಾಗ ಎರಡನೇ ಸಲ ನುಡಿಯುವಷ್ಟರಲ್ಲಿ ಗಾಡಿಯ ಕಿಟಕಿಯ ಮುಂದೆ ಆರು ಮಕ್ಕಳು ನಿಂತಿದ್ದರು. ಮಕ್ಕಳ ಹಿಂದೆ ಅವರ ಅಜ್ಜಿಯರು ನಿಂತರು. ಅಜ್ಜಿಯರು ನಿಂತಿದ್ದನ್ನು ಕಂಡು ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. ನಮ್ಮೂರಿನವರಿಗೆ ಕ್ಯೂ ಕಂಡರೆ ಅದರ ಕೊನೆಗೆ ಹೋಗಿ ನಿಲ್ಲುವುದು ಉಸಿರಾಡಿದಷ್ಟೇ ಸಹಜ. ಯಾತಕ್ಕೆ ಎನ್ನುವುದನ್ನು ಆಮೇಲೆ ನಿಧಾನವಾಗಿ ವಿಚಾರಿಸುತ್ತೇವೆ. ನಾನೂ ನಿಂತೆ. ನನ್ನ ಮುಂದಿದ್ದವನು ಅದು ಪಾಸ್‌ಪೋರ್ಟ್ ಬದಲಾಯಿಸುವ ಕ್ಯೂ ಎಂದು ತಿಳಿದಿದ್ದ.

“ಇವತ್ತು ಮಾರೋದಿಲ್ಲಪ್ಪ...” ಎಂದು ಡೆಸ್ ಕಿಟಕಿಯಲ್ಲಿ ತಲೆ ಹಾಕಿದ. ಎದುರಿಗೆ ಗುಂಗುರು ಕೂದಲ ಪುಟ್ಟ ಹುಡುಗಿ ಅಂಗೈಯಲ್ಲಿ ನಾಣ್ಯ ಬಿಸಿಯಾಗುವಂತೆ ಹಿಡಿದುಕೊಂಡು ಮೇಲೆ ನೋಡುತ್ತಿದ್ದಳು.

“ತೊಂದರೆಯೇನಿಲ್ಲ” ಎಂದ ಡೆಸ್. “ಯಾವುದು ಬೇಕು ಮರಿ?”

ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಕೊಡುತ್ತ ಕೊಡುತ್ತ ಬೇಲಿಯ ಕಡೆ ನೋಡುತ್ತಿದ್ದ. ಹಡಗಿನ ಏಣಿ ಇಳಿದಿತ್ತು. ಜನ ಸಾಲಾಗಿ ಇಳಿದು ಮೂಲೆಯಾಚೆ ಮರೆಯಾಗುತ್ತಿದ್ದರು. ಇಷ್ಟು ದೂರಕ್ಕೆ ಯಾರು ಯಾರೆಂದು ತಿಳಿಯದು. ಅವಳು ಈಗ ಪೆಟ್ಟಿಗೆ ಎಳೆದುಕೊಂಡು ಹೊರಗೆ ಬಂದಿರಬೇಕು. ಈಗ ಅತ್ತ ಇತ್ತ ನೋಡುತ್ತಿರಬೇಕು. ಈಗ ಬಸ್ ನಿಲ್ದಾಣದ ಕಡೆ ಮುಖ ಮಾಡಿರಬೇಕು. ಡೆಸ್ ಸ್ಟ್ರಾಬೆರಿ ಕೇಳಿದವನಿಗೆ ವೆನಿಲಾ ಕೊಟ್ಟ, ಅವನು ಥ್ಯಾಂಕ್ಸ್ ಹೇಳಿ ಅದನ್ನೇ ತಿಂದ.

ಪಿಯರ್ಸ್ ಮಾತ್ರ ಸಂತೋಷದಿಂದ ಕುಣಿಯುತ್ತಿದ್ದ. “ಅದ್ಭುತ ಸರ್! ಕ್ಯೂ ಎಷ್ಟು ಶಿಸ್ತಾಗಿದೆ! ಲಂಡನ್ನಿನವರು ಫೋಟೋ ಕೇಳ್ತಿದಾರೆ. ಕ್ಯೂ ಆದ್ರೆ ಏನು ಮಾಡೋದು ಅನ್ನೋದೇ ಅವರ ದೊಡ್ಡ ತಲೆನೋವಾಗಿತ್ತು.”

“ಪಿಯರ್ಸ್, ದಯವಿಟ್ಟು ಒಂದು ಉಪಕಾರ ಮಾಡಪ್ಪ. ಓಡಿಹೋಗಿ ಬಸ್ ಸ್ಟ್ಯಾಂಡಲ್ಲಿ ನೋಡು. ನೇರಳೆ ಟೋಪಿ ಹಾಕಿರೋ ಹೆಂಗಸು. ಗ್ಲೆನಿಸ್ ಅಂತ.”

ಪಿಯರ್ಸ್ ಓಡಿದ. ಬಹಳ ಹೊತ್ತಾದ ಮೇಲೆ ಉಸಿರುಬಿಡುತ್ತ ಬಂದ. “ಬಸ್ ಸ್ಟ್ಯಾಂಡಲ್ಲಿ ಟೋಪಿ ಹಾಕಿರೋರು ಯಾರೂ ಇಲ್ಲ ಸರ್. ಬಸ್ಸಿನ ಒಳಗೆ ನೋಡೋಣ ಅಂದ್ರೆ ಅಷ್ಟರಲ್ಲಿ ಹೊರಟುಬಿಡ್ತು.”

ಅವನು ಹೇಳುತ್ತಿದ್ದಂತೆಯೇ ದಾರಿಯ ಆ ತುದಿಯಲ್ಲಿ ಹೇಸ್ಟಿಂಗ್ಸಿನ ಬಸ್ಸು ದೀಪ ಹಾಕಿಕೊಂಡು ಹಾದುಹೋಯಿತು. ಒಳಗೆ ಮಸುಕು ಮಸುಕಾಗಿ ತಲೆಗಳು ಕಂಡವು. ಡೆಸ್‌ನ ಕೈಯಲ್ಲಿದ್ದ ಕೋನ್ ಪುಡಿಯಾಯಿತು.

ಅಲ್ಲಿಗೆ ಮುಗಿಯಿತು. ಮೂವತ್ತೈದು ವರ್ಷದ ಸಂಸಾರ ಒಂದು ನಿಮಿಷದಲ್ಲಿ ಬಸ್ಸು ಹತ್ತಿ ಹೋಯಿತು, ತಾನಿಲ್ಲಿ ಇಲ್ಲದ ಕುರಿಗಳನ್ನು ಕಾಯುತ್ತ ಕೂತಿದ್ದೆ ಎಂದು ಅವನಿಗೆ ಅನ್ನಿಸಿತು. ಅಳು ಬಂತು. ಆದರೆ ಕ್ಯೂ ಇತ್ತು. ಅವನು ತೋಳಿನಿಂದ ಕಣ್ಣೊರೆಸಿಕೊಂಡು ಹೊಸ ಕೋನ್ ತೆಗೆದ. ನಾನು ನನ್ನ ಸರದಿ ಬಂದಾಗ ಅವನ ಮುಖ ನೋಡಿ, ಬೇಕಿಲ್ಲದಿದ್ದರೂ ಎರಡು ತೆಗೆದುಕೊಂಡೆ.

ಕತ್ತಲು ಇಳಿಯಿತು. ಗಾಡಿಯೊಳಗಿನ ಹಳದಿ ದೀಪ ಹತ್ತಿತು. ಕ್ಯೂವಿನ ಬಾಲ ಮೂಲೆ ತಿರುಗಿ ಎಲ್ಲಿಗೋ ಹೋಗಿತ್ತು. ಮಳೆಹನಿಗೆ ಜನ ಕೊಡೆ ಬಿಡಿಸಿದ್ದರಿಂದ ಮುಖಗಳೂ ಕಾಣುತ್ತಿರಲಿಲ್ಲ, ಕಿಟಕಿಯ ಬೆಳಕಿಗೆ ಬಂದ ಕೈಗಳಷ್ಟೇ ಕಾಣುತ್ತಿದ್ದವು. ಸಂಗೀತ ಇನ್ನೂ ನುಡಿಯುತ್ತಲೇ ಇತ್ತು. ಇನ್ನು ಯಾರಿಗಾಗಿ ಇದು ಎಂದುಕೊಂಡು ಡೆಸ್ ಆರಿಸಲು ಕೈಚಾಚಿದ. ರಾಗ ಎಂದಿನಂತೆ ಕೊನೆಯ ಸ್ವರದ ಹತ್ತಿರ ಬಂದು ನಿಂತಿತು.

ಕಿಟಕಿಯ ಹೊರಗೆ, ಕೊಡೆಯ ಕೆಳಗೆ, ಯಾರೋ ಆ ಸ್ವರವನ್ನು ಗುನುಗಿದರು.

“ಒಂದು ರಮ್ಮು-ಒಣದ್ರಾಕ್ಷಿ” ಎಂದಿತು ದನಿ. “ಇದ್ರೆ.”

ಕೊಡೆ ಹಿಂದಕ್ಕೆ ಸರಿಯಿತು. ನೇರಳೆ ಟೋಪಿ, ಚಳಿಗೆ ಕೆಂಪಾದ ಮೂಗು, ಕೈಯಲ್ಲಿ ಪೆಟ್ಟಿಗೆ.

“ಗ್ಲೆನಿಸ್!” ಡೆಸ್‌ನ ಕಣ್ಣಿನಿಂದ ನೀರು ಇಳಿದೇಬಿಟ್ಟಿತು. “ನೀನು... ಬಸ್ಸು... ಯಾವಾಗಿಂದ ಇಲ್ಲಿದೀಯ?”

“ಹಡಗು ಇಳಿದಾಗಿಂದ. ನಿನ್ನ ಗಾಡಿ ಕೇಳಿಸ್ತು. ಮೂಲೆ ಹತ್ರ ಬಂದೆ, ಕ್ಯೂ ಇತ್ತು.”

“ಮುಂದೆ ಬಂದು ಒಂದು ಮಾತು ಕೂಗ್ಬಾರದಾಗಿತ್ತಾ? ನಾನು ಇಲ್ಲಿ ಸತ್ತುಹೋಗ್ತಿದ್ದೆ!”

“ಡೆಸ್,” ಎಂದಳು ಗ್ಲೆನಿಸ್, ಮಗುವಿಗೆ ಹೇಳುವಂತೆ, “ಕ್ಯೂ ಇತ್ತು ಅಂದ್ನಲ್ಲ.”

“ಬಸ್ಸು ಹೋಯ್ತು...”

“ನೋಡ್ದೆ. ಆಗಲೇ ಅರ್ಧಕ್ಕಿಂತ ಜಾಸ್ತಿ ದೂರ ಬಂದಾಗಿತ್ತು. ಇಷ್ಟು ಹೊತ್ತು ನಿಂತು, ಮಧ್ಯದಲ್ಲಿ ಬಿಟ್ಟು ಯಾರಾದ್ರೂ ಹೋಗ್ತಾರಾ?” ಎಂದು ಹೇಳಿ ಅವಳು ಯಾಕೋ ಟೋಪಿ ಸರಿಮಾಡಿಕೊಂಡಳು.

ಡೆಸ್ ರಮ್ಮು-ಒಣದ್ರಾಕ್ಷಿಯನ್ನು ಕೋನಿನ ಮೇಲೆ ಒಂದರ ಮೇಲೊಂದು ಮೂರು ಉಂಡೆ ಇಟ್ಟ. ಎದೆ ಎಷ್ಟು ತುಂಬಿತ್ತೆಂದರೆ, ಅದರಲ್ಲಿ ಬಚ್ಚಿಟ್ಟಿದ್ದ ಒಂದು ಹಳೆಯ ವಿಷಯಕ್ಕೆ ಇನ್ನು ಅಲ್ಲಿ ಜಾಗ ಉಳಿಯಲಿಲ್ಲ. ಈಗ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಆ ಒಳ್ಳೆಯ ಮನುಷ್ಯನಿಗೆ ಅನ್ನಿಸಿತು.

“ಗ್ಲೆನಿಸ್, ನಾನು ‘ಬಿಡೋಣ’ ಅಂತ ಹಾಕಿರಲಿಲ್ಲ ಕಣೇ.”

ಅವಳ ಮುಖ ಅರಳಿತು. “ನಿಜ? ‘ಇರೋಣ’ ಅಂತ ಹಾಕಿದ್ಯಾ?”

“ಇಲ್ಲ. ನಾನು ವೋಟೇ ಹಾಕ್ಲಿಲ್ಲ.”

“ಏನಂದೆ?”

“ಗಾಡಿ ಶಾಲೆ ಮುಂದೆ ನಿಲ್ಸಿದ್ದೆ. ವೋಟು ಹಾಕಿ ಬಂದವರೆಲ್ಲ ಐಸ್ ಕ್ರೀಮಿಗೆ ನಿಂತ್ರು. ಇ‌ವರು ಮುಗೀಲಿ, ಇವರು ಮುಗೀಲಿ ಅಂತ ನೋಡ್ದೆ. ಕ್ಯೂ ಮುಗಿದು ನಾನು ಹೋಗೋ ಹೊತ್ತಿಗೆ ಬಾಗಿಲು ಹಾಕ್ಬಿಟ್ರು. ನಿಂಗೆ ಹೇಳೋಕೆ ನಾಚಿಕೆ ಆಯ್ತು. ನೀನು ‘ಬಿಡೋಣ ಅಂತ ಹಾಕ್ದೆ ತಾನೇ’ ಅಂದೆ. ಹೂಂ ಅಂದ್ಬಿಟ್ಟೆ.”

ಗ್ಲೆನಿಸ್‌ಳ ಕೈಗವುಸಿನ ಮೇಲೆ ಐಸ್ ಕ್ರೀಮಿನ ಒಂದು ಹನಿ ಬಿದ್ದಿತು.

“ಮೂರು ವರ್ಷ” ಎಂದಳು. ದನಿ ಮೆಲ್ಲಗೆ ಏರತೊಡಗಿತು. “ಮೂರು ವರ್ಷ ನಾನು ಯಾರ ಜೊತೆ ಜಗಳ ಆಡಿದೆ, ಡೆಸ್ಮಂಡ್? ತಪ್ಪು ವೋಟು ಹಾಕಿದ ಗಂಡನ್ನ ಕ್ಷಮಿಸಿಬಿಡೋಣ ಅಂತ ಕಡಲು ದಾಟಿ ಬಂದೆ ನಾನು! ಹಡಗಲ್ಲಿ ಪೂರ್ತಿ ಅದಕ್ಕೇ ಮನಸ್ಸು ಗಟ್ಟಿ ಮಾಡ್ಕೊಂಡು ಬಂದೆ! ಈಗ ನೋಡಿದ್ರೆ ನೀನು ಮಾಡಿರೋದೇ ಬೇರೆ ತಪ್ಪು! ಇದನ್ನ ಕ್ಷಮಿಸೋಕೆ ನಾನು ಮತ್ತೆ ಮೊದಲಿಂದ ಶುರು ಮಾಡ್ಬೇಕು!”

ಹಿಂದೆ ಯಾರೋ ಮೆಲ್ಲಗೆ ಕೆಮ್ಮಿದರು.

“ತಪ್ಪು ತಿಳೀಬೇಡಿ, ನೀವು ಮಾತು ಮುಗಿಸಿ. ನಮಗೇನೂ ಅವಸರ ಇಲ್ಲ” ಎಂದಿತು ಒಂದು ಕೊಡೆ. ನಮ್ಮೂರಿನಲ್ಲಿ ಹಾಗೆಂದರೆ ಬಹಳ ಅವಸರವಿದೆ ಎಂದರ್ಥ.

ಗ್ಲೆನಿಸ್ ನಾಚಿ ಕೆಂಪಾದಳು. “ಕ್ಷಮಿಸಿ, ಕ್ಷಮಿಸಿ” ಎಂದು ಹಿಂದಿದ್ದವರಿಗೆ ಹೇಳಿ, ಕಿಟಕಿಯ ಕಡೆ ಬಗ್ಗಿ ದನಿ ತಗ್ಗಿಸಿದಳು. “ನಿಂಗೆ ಹೇಳೋದು ಇನ್ನೂ ತುಂಬಾ ಇದೆ.”

“ಹೇಳು” ಎಂದ ಡೆಸ್ ತಲೆ ತಗ್ಗಿಸಿ.

“ಹೇಗೆ ಹೇಳ್ಲಿ? ಜನ ಕಾಯ್ತಿದಾರೆ.”

ಅಷ್ಟು ಹೇಳಿ, ಒಂದು ಕೈಯಲ್ಲಿ ಕೋನ್, ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು, ಗ್ಲೆನಿಸ್ ಕ್ಯೂವಿನ ಉದ್ದಕ್ಕೂ ಹಿಂದಕ್ಕೆ ನಡೆದಳು. ಮೂಲೆ ತಿರುಗಿ ಮರೆಯಾದಳು. ಕೊನೆಗೆ ಹೋಗಿ ನಿಂತಳು.

ಅಷ್ಟರಲ್ಲಿ ಗೇಟಿನಿಂದ ಪಿಯರ್ಸ್ ಫೋನು ಹಿಡಿದುಕೊಂಡು ಓಡಿ ಬಂದ. “ಎಲ್ಲರೂ ಹೋಗಬಹುದು! ಒಕ್ಕೂಟ ಬಿಡೋದು ಜನವರಿಗೆ ಮುಂದೂಡಿದಾರಂತೆ! ಬೆಳಿಗ್ಗೇನೇ ತೀರ್ಮಾನ ಆಗಿತ್ತಂತೆ, ಅಧಿಕೃತವಾಗಿ ತಿಳಿಸಿದ್ದು ಈಗ!” ಮಾರ್ಟ್‌ಲಾಕ್ ಟೋಪಿ ಹಾಕಿಕೊಂಡು ಎಂಜಿನ್ ಶುರುಮಾಡಿದ. ಮಾರ್ಜರಿ ಕುರ್ಚಿ ಮಡಿಸಿದಳು. ಮಿಸ್ ಥ್ರಸೆಲ್ ಗೇಟು ತೆರೆಸಿ, “ಟಪ್, ನಿನ್ನ ಕುರಿಗಳನ್ನ ಬಿಟ್ಟಿದೀನಿ. ಓಡು” ಎಂದರು.

ಮುಂದಿನ ದಾರಿ ಖಾಲಿಯಾಯಿತು. ಡೆಸ್ ಕದಲಲಿಲ್ಲ.

“ಜನವರಿಯಲ್ಲಿ ಇನ್ನೊಂದು ತಾಲೀಮು ಇರುತ್ತೆ ಸರ್” ಎಂದ ಪಿಯರ್ಸ್ ಕಿಟಕಿಗೆ ಬಂದು. “ಮತ್ತೆ ನೀವೇ ಕುರಿ ತರ್ತೀರಾ?”

ಡೆಸ್ ಅವನ ತಲೆಯ ಮೇಲಿಂದ ದೂರ ನೋಡುತ್ತಿದ್ದ. ಕ್ಯೂ ಒಂದು ಹೆಜ್ಜೆ ಮುಂದೆ ಸರಿದಿತ್ತು. ಮೂಲೆಯಲ್ಲಿ, ಬೀದಿದೀಪದ ಕೆಳಗೆ, ನೇರಳೆ ಟೋಪಿ ಮತ್ತೆ ಕಾಣಿಸಿಕೊಂಡಿತ್ತು. ಅದರಡಿಯ ತುಟಿಗಳು ಆಗಲೇ ಅಲ್ಲಾಡುತ್ತಿದ್ದವು, ಬಯ್ಯಬೇಕಾದದ್ದನ್ನೆಲ್ಲ ಜೋಡಿಸಿಕೊಳ್ಳುತ್ತಿರಬೇಕು.

“ತೊಂದರೆಯೇನಿಲ್ಲ” ಎಂದ ಡೆಸ್.

ಡಬ್ಬದ ತಳ ಕೆರೆದು ಕೊನೆಯ ರಮ್ಮು-ಒಣದ್ರಾಕ್ಷಿಯನ್ನು ಒಂದು ಬಟ್ಟಲಿಗೆ ಹಾಕಿ ಫ್ರೀಜರಿನ ಮೂಲೆಯಲ್ಲಿಟ್ಟ, ಕುರಿ ಕೆಮ್ಮಿದ ಮೂಲೆಯಲ್ಲಿ. ಆಮೇಲೆ ಕೆಂಪು ಗುಂಡಿ ಒತ್ತಿ, ಮುಂದಿನವರಿಗೆ ಕೋನ್ ತೆಗೆದ. ರಾಗ ಟಿಣ್ ಟಿಣ್ ಎಂದು ನಡೆದು, ಎಂದಿನ ಜಾಗಕ್ಕೆ ಬಂದು ನಿಂತಿತು. ಡೆಸ್ ಕೈಯಲ್ಲಿ ಚಮಚ ಹಿಡಿದು ಕಾದ. ಕ್ಯೂವಿನ ಕೊನೆಯಿಂದ, ಇನ್ನೂ ಆರದ ಸಿಟ್ಟಿನಲ್ಲೇ, ಆ ಒಂದು ಸ್ವರ ಬಂತು.